ಹೆಪ್ಪು ಮುಗಿದ ರಕ್ತ



ರಾತ್ರಿ ಹಾಲಿಗೆ ಒಂದು ಚಮಚ ಮಜ್ಜಿಗೆ ಬಿಡ್ತೀವಿ. ಬೆಳಿಗ್ಗೆ ಮೊಸರು. ರಕ್ತವೂ ಹಾಗೇ ಹೆಪ್ಪುಗಟ್ಟುತ್ತದೆ. ಈಳಿಗೆಮಣೆಯಲ್ಲಿ ಬೆರಳು ಕೊಯ್ದರೆ ಸ್ವಲ್ಪ ಹೊತ್ತಿಗೆ ರಕ್ತ ನಿಲ್ಲುತ್ತದೆ, ಅಲ್ವಾ? ರಕ್ತದೊಳಗಿನ ಸಾಮಾನು ನೂಲಿನಂತೆ ಎಳೆಯಾಗಿ ಗಾಯವನ್ನು ಮುಚ್ಚುತ್ತದೆ. ಈ ಕೆಲಸ ಮಾಡಿಸುವುದು ಕಿಣ್ವಗಳು.

ಹಾವಿನ ವಿಷದಲ್ಲೂ ಕಿಣ್ವಗಳಿವೆ. ನಾಗರಹಾವಿನ ವಿಷ ಮುಖ್ಯವಾಗಿ ನರಗಳನ್ನು ಹಿಡಿಯುತ್ತದೆ. ಕೊಳಕುಮಂಡಲದ ವಿಷ ರಕ್ತವನ್ನು ಹಿಡಿಯುತ್ತದೆ. ಮೈಮೇಲೆ ಸರಪಳಿಯಂಥ ಕಂದು ಮಚ್ಚೆ, ಕುಕ್ಕರ್ ಕೂಗಿದ ಹಾಗೆ ಬುಸುಗುಡುತ್ತದಲ್ಲ, ಅದೇ ಹಾವು. ಇಲಿ ಹುಡುಕಿಕೊಂಡು ಹೊಲ, ಗದ್ದೆಗೆ ಬರುತ್ತದೆ. ಕಳೆ ಕೀಳುವ ಕೈಗೆ ಸಿಗುತ್ತದೆ.

ಇದರ ವಿಷ ಮೊದಲು ರಕ್ತವನ್ನು ಹೆಪ್ಪುಗಟ್ಟಿಸುತ್ತದೆ! 1934ರಲ್ಲಿ ಇಂಗ್ಲೆಂಡಿನ ವೈದ್ಯರು ಈ ವಿಷವನ್ನು ತೀರಾ ತೆಳುಮಾಡಿ, ರಕ್ತ ನಿಲ್ಲದ ಕಾಯಿಲೆಯವರ ಗಾಯಕ್ಕೆ ಹಚ್ಚಿ ರಕ್ತ ನಿಲ್ಲಿಸಿದ್ದರು. ಆದರೆ ಹಾವು ಕಚ್ಚಿದಾಗ ವಿಷ ಮೈಯೆಲ್ಲ ಹರಡುತ್ತದೆ. ಹಬ್ಬದ ಒಂದೇ ದಿನ ತಿಂಗಳ ಅಕ್ಕಿ ಮುಗಿಸಿದ ಹಾಗೆ, ಹೆಪ್ಪಿನ ಸಾಮಾನೆಲ್ಲ ಖರ್ಚಾಗುತ್ತದೆ. ಆಮೇಲೆ ರಕ್ತ ನೀರಿನ ಹಾಗೆ. ಒಸಡಿನಲ್ಲಿ ರಕ್ತ, ಮೂತ್ರದಲ್ಲಿ ರಕ್ತ. ಮೂತ್ರಪಿಂಡವೂ ಕೆಡಬಹುದು.

ಇಂಥ ಹೊತ್ತಿನಲ್ಲಿ ಬ್ಲೇಡಿನಿಂದ ಗಾಯ ಕೊಯ್ದರೆ ಏನಾದೀತು? ವಿಷ ಹೊರಗೆ ಬರುವುದಿಲ್ಲ. ರಕ್ತ ಮಾತ್ರ ನಿಲ್ಲದೆ ಹರಿಯುತ್ತದೆ. ನಾವೂ ಚಿಕ್ಕಂದಿನಲ್ಲಿ ಕೊಯ್ಯುವುದೇ ಸರಿ ಅಂತ ನಂಬಿದ್ದೆವು. ಹಗ್ಗ ಬಿಗಿಯಬೇಡಿ, ಬಾಯಲ್ಲಿ ಹೀರಬೇಡಿ. ಕಚ್ಚಿದ ಕೈಕಾಲು ಅಲ್ಲಾಡದಿರಲಿ. ಬಳೆ, ಉಂಗುರ, ಕಾಲುಂಗುರ ತೆಗೆಯಿರಿ. ಮುತ್ತೈದೆ ತೆಗೀಬಾರದು ಅಂತ ಅತ್ತೆ ಅಂದರೂ ತೆಗೆಯಿರಿ. ಬಾವು ಬಂದ ಮೇಲೆ ಅದೇ ಬಳೆ ಕೈಯನ್ನು ಬಿಗಿಯುತ್ತದೆ. 108ಕ್ಕೆ ಫೋನ್ ಮಾಡಿ.

ಆಸ್ಪತ್ರೆಯಲ್ಲಿ ಸ್ವಲ್ಪ ರಕ್ತವನ್ನು ಗಾಜಿನ ನಳಿಗೆಗೆ ಹಾಕಿ 20 ನಿಮಿಷ ಅಲ್ಲಾಡಿಸದೆ ಇಡುತ್ತಾರೆ. "ಡಾಕ್ಟರು ಸುಮ್ಮನೆ ಕೂತಿದ್ದಾರೆ" ಅಂತ ಮನೆಯವರು ಜಗಳಕ್ಕೆ ನಿಲ್ಲುವುದುಂಟು. ಸುಮ್ಮನೆ ಅಲ್ಲ ಅದು. ನಳಿಗೆ ಓರೆ ಮಾಡಿದಾಗ ರಕ್ತ ಹೆಪ್ಪಾಗದೆ ಹರಿದರೆ, ವಿಷ ಏರಿದೆ ಅಂತ ಗೊತ್ತಾಗುತ್ತದೆ. ಆಗ ವಿಷಕ್ಕೆ ಪ್ರತಿಮದ್ದನ್ನು ರಕ್ತನಾಳಕ್ಕೆ ಕೊಡುತ್ತಾರೆ. ಕುದುರೆಯ ರಕ್ತದಿಂದ ತಯಾರಾದ ಮದ್ದು ಅದು. ವಿಷವನ್ನು ಹಿಡಿದು ಕಟ್ಟಿಹಾಕುತ್ತದೆ. ಖರ್ಚಾದ ಸಾಮಾನನ್ನು ಮಾತ್ರ ನಮ್ಮ ಯಕೃತ್ತೇ ಮತ್ತೆ ತಯಾರಿಸಬೇಕು. ಅದಕ್ಕೆ ಸುಮಾರು 6 ಗಂಟೆ ಬೇಕು. ಆಮೇಲೆ ಇನ್ನೊಮ್ಮೆ ನಳಿಗೆಯ ಪರೀಕ್ಷೆ ಮಾಡುತ್ತಾರೆ. ಅಲ್ಲಿಯತನಕ "ಆರಾಮಾಗಿದ್ದೀನಿ, ಮನೆಗೆ ಹೋಗೋಣ" ಅಂತ ರೋಗಿ ಅಂದರೂ ಹೊರಡಬೇಡಿ.