ಶೇಕಡಾ ಎರಡರ ಆಚೆಗಿನ ಹೊಣೆ



ಗುಂಡ್ಲುಪೇಟೆಯ ಹೊಲಗಳಲ್ಲಿ ಅರಳುವ ಚೆಂಡುಹೂವೆಲ್ಲ ದೇವರ ಪೂಜೆಗೆ ಬೆಳೆದದ್ದಲ್ಲ. ಅದರ ದಳಗಳಿಂದ ತೆಗೆಯುವ ಲ್ಯೂಟೀನ್ ಎಂಬ ಸತ್ವವು ಕೋಳಿ ಆಹಾರಕ್ಕೂ ಕಣ್ಣಿನ ಪೋಷಣೆಯ ಗುಳಿಗೆಗಳಿಗೂ ಬಳಕೆಯಾಗಿ ಕಡಲಾಚೆಯ ಮಾರುಕಟ್ಟೆಯನ್ನು ಸೇರುತ್ತದೆ. ಒಪ್ಪಂದದ ಬೇಸಾಯದಲ್ಲಿ ಬೀಜ ಮತ್ತು ದರ ಕಂಪನಿಯವು. ಭೂಮಿ, ನೀರು, ದುಡಿಮೆ ರೈತನವು. ಮಳೆನೆರಳಿನ ಈ ತಾಲ್ಲೂಕು ಹೀಗೆ ಜಾಗತಿಕ ವ್ಯಾಪಾರದ ಒಂದು ಕೊಂಡಿಯಾಗಿದೆ. ಆದುದರಿಂದ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ಎಂಬುದು ಇಲ್ಲಿಯ ಜನರಿಗೆ ದೂರದ ಮಾತಲ್ಲ.

2013ರ ಕಂಪನಿ ಕಾಯ್ದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕಾಗಿ ವೆಚ್ಚಮಾಡಬೇಕು. ತಾನು ಕೆಲಸಮಾಡುವ ಪ್ರದೇಶಕ್ಕೆ ಆದ್ಯತೆ ನೀಡಬೇಕೆಂದೂ ಕಾಯ್ದೆ ಹೇಳುತ್ತದೆ. ಶಾಲಾ ಕೊಠಡಿ, ಶೌಚಾಲಯ, ಕುಡಿಯುವ ನೀರಿನ ಘಟಕಗಳು ಹೀಗೆ ಬರುತ್ತವೆ. ಅವು ಬೇಡವೆನ್ನುವವರಾರು? ಆದರೆ ಶೇ. 2 ಎಂಬುದು ಲಾಭ ಕೈಸೇರಿದ ಮೇಲಿನ ಲೆಕ್ಕ. ಉಳಿದ ಶೇ. 98 ಯಾವ ಬಗೆಯಲ್ಲಿ ಬಂದಿತೆಂಬುದನ್ನು ಈ ಕಲಮು ಕೇಳುವುದಿಲ್ಲ.

ನೆರೆಯ ಕೇರಳದ ಪ್ಲಾಚಿಮಡ ಈ ಅಂತರವನ್ನು ತೋರಿಸಿಕೊಟ್ಟಿದೆ. ಪಾಲಕ್ಕಾಡ್ ಜಿಲ್ಲೆಯ ಆ ಊರಿನಲ್ಲಿ 2000ದಲ್ಲಿ ಕೋಕಾ-ಕೋಲಾ ಘಟಕ ಆರಂಭವಾಯಿತು. ಬಾವಿಗಳ ನೀರು ಕೆಟ್ಟಿತೆಂದು 2002ರ ಏಪ್ರಿಲ್‌ನಲ್ಲಿ ಆದಿವಾಸಿಗಳು ಧರಣಿ ಕುಳಿತರು. ಮಯಿಲಮ್ಮ ಎಂಬ ಆದಿವಾಸಿ ಮಹಿಳೆ ಆ ಹೋರಾಟದ ಮುಂಚೂಣಿಯಲ್ಲಿದ್ದರು. ಘಟಕದ ಕೆಸರನ್ನು ರೈತರಿಗೆ ಗೊಬ್ಬರವೆಂದು ಹಂಚಲಾಗಿತ್ತು. 2003ರ ಪರೀಕ್ಷೆಯಲ್ಲಿ ಅದರಲ್ಲಿ ಸೀಸ, ಕ್ಯಾಡ್ಮಿಯಂ ಕಂಡುಬಂದವು. ಉಪಕಾರದ ವೇಷದಲ್ಲಿ ಬಂದದ್ದು ತ್ಯಾಜ್ಯ! ಕಂಪನಿಯು ಆರೋಪಗಳನ್ನು ಅಲ್ಲಗಳೆಯಿತು; ಆದರೆ 2004ರ ಮಾರ್ಚ್‌ನಲ್ಲಿ ಘಟಕ ನಿಂತಿತು. ಕೇರಳ ಸರ್ಕಾರದ ಸಮಿತಿಯು 2010ರಲ್ಲಿ ಹಾನಿಯನ್ನು ಸುಮಾರು 216 ಕೋಟಿ ರೂಪಾಯಿಯೆಂದು ಅಂದಾಜಿಸಿತು.

ಗುಂಡ್ಲುಪೇಟೆಯು ಅಂತರ್ಜಲದ ಅತಿಬಳಕೆಯ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿದೆ. ಇಲ್ಲಿ ನೀರು ಎಲ್ಲಕ್ಕಿಂತ ದೊಡ್ಡ ಬಂಡವಾಳ. ಅದನ್ನು ಹೂಡಿದವರು ಹಳ್ಳಿಗರು. ಆದುದರಿಂದ ಕೊಡುಗೆಯ ಫಲಕಕ್ಕೆ ಚಪ್ಪಾಳೆ ತಟ್ಟುವ ಮುನ್ನ ಗ್ರಾಮಸಭೆ ಕೆಲವು ಪ್ರಶ್ನೆಗಳನ್ನು ಕೇಳಬೇಕು. ದಿನಕ್ಕೆ ಎಷ್ಟು ನೀರು ಎತ್ತಲಾಗುತ್ತದೆ? ತ್ಯಾಜ್ಯ ಎಲ್ಲಿಗೆ ಹೋಗುತ್ತದೆ? ಒಪ್ಪಂದದ ಕನ್ನಡ ಪ್ರತಿ ರೈತನ ಕೈಯಲ್ಲಿದೆಯೇ? ಬೆಳೆ ಕೈಕೊಟ್ಟರೆ ನಷ್ಟ ಯಾರದು? ಉತ್ತರಗಳು ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು. ಓದುಬರಹ ಬಲ್ಲ ವಿದ್ಯಾರ್ಥಿಗಳು ಆ ಕಾರ್ಯಕ್ಕೆ ನೆರವಾಗಬೇಕು.

ದಾನ ಕೊಡುವವನ ಇಚ್ಛೆ. ಹೊಣೆಗಾರಿಕೆಯಾದರೋ ಕೇಳುವವರ ಹಕ್ಕು.