ಐಹೊಳೆಯ ಬ್ರಹ್ಮನನ್ನು ಕಿವಿಯಿಂದ ನೋಡುವುದು

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



1922ರಲ್ಲಿ ಬಾಗಿಲು ತೆರೆದ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ಮಿಗೆ ಇಂದು ಛತ್ರಪತಿ ಶಿವಾಜಿ ಮಹಾರಾಜ ವಾಸ್ತು ಸಂಗ್ರಹಾಲಯವೆಂದು ಹೆಸರು. ನಮ್ಮ ಐಹೊಳೆಯ ಬ್ರಹ್ಮನೊಬ್ಬ ಅಲ್ಲಿದ್ದಾನೆ. ಚಾಲುಕ್ಯರ ಕಾಲದ ಗುಡಿಯೊಂದರ ಛತ್ತಿನಲ್ಲಿದ್ದ ಕಲ್ಲಿನ ಫಲಕವದು. ನಮ್ಮ ಹಾಗೆ ಅವನೂ ಊರು ಬಿಟ್ಟು ಈ ಪಟ್ಟಣಕ್ಕೆ ಬಂದವನೇ ಎನ್ನಬಹುದು!

ಮನೆಯಲ್ಲಿ ಕಣ್ಣು ಮಂಜಾದ ಹಿರಿಯರುಂಟು, ಮೆಟ್ಟಿಲು ಹತ್ತಲಾರದವರುಂಟು. ಅವರಿಗೆಲ್ಲ ಸಂಗ್ರಹಾಲಯದ ಮೊದಲ ಬಾಗಿಲೆಂದರೆ ಅದರ ಜಾಲತಾಣ. ಎಷ್ಟು ಗಂಟೆಗೆ ತೆರೆಯುತ್ತದೆ, ಗಾಲಿಕುರ್ಚಿ ಹೋಗುವ ದಾರಿ ಯಾವುದು ಎಂಬುದು ಅಲ್ಲಿಯೇ ತಿಳಿಯಬೇಕು. ಯಾವ ಸಂಗ್ರಹಾಲಯವೇ ಆಗಲಿ, ಆ ಬಾಗಿಲು ಎಲ್ಲರಿಗೂ ತೆರೆಯುವಂತಿರಬೇಕಷ್ಟೆ.

ಕಣ್ಣು ಕಾಣದವರು ಕಂಪ್ಯೂಟರಿನಲ್ಲಿ ಓದುವುದು ಹೆಚ್ಚಾಗಿ ಕಿವಿಯಿಂದ. ತೆರೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶವುಂಟು. ಎನ್‌ವಿಡಿಎ ಎಂಬುದಂತೂ ಹಣ ಕೊಡದೆ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. (ಧ್ವನಿ ತುಸು ಯಂತ್ರದ್ದೇ, ಒಪ್ಪಬೇಕು.) ಆದರೆ ಚಿತ್ರ ಬಂದಾಗ ಅದಕ್ಕೆ ಆಧಾರ ಬೇಕು. ಚಿತ್ರದೊಡನೆ ಯಾರಾದರೂ ನಾಲ್ಕು ಮಾತು ಬರೆದಿಟ್ಟಿದ್ದರೆ ಓದುತ್ತದೆ. ಇಲ್ಲವಾದರೆ "ಚಿತ್ರ" ಎಂದು ಮುಂದೆ ಸಾಗುತ್ತದೆ, ಅಥವಾ ಕಡತದ ನಂಬರನ್ನು ಒದರುತ್ತದೆ.

ಆ ನಾಲ್ಕು ಮಾತು ಬರೆಯುವುದೇ ಕಷ್ಟದ ಕೆಲಸ. "ಪುರಾತನ ಶಿಲ್ಪ" ಎಂದು ಬರೆದರೆ ಕೇಳಿದವರಿಗೆ ಏನು ಕಂಡಂತಾಯಿತು? "ತಾವರೆಯ ಮೇಲೆ ಕುಳಿತ ಬ್ರಹ್ಮ, ಕಾಣುವುದು ಮೂರು ಮುಖ, ಸುತ್ತ ಋಷಿಗಳು, ಬಳಿಯಲ್ಲಿ ಹಂಸ" ಎಂದರೆ ಕಲ್ಲು ಕಣ್ಮುಂದೆ ನಿಲ್ಲುತ್ತದೆ.

ಕನ್ನಡದ ಪುಟಗಳಿಗೆ ಬೇರೆ ತೊಡಕುಗಳೂ ಇವೆ. ಅಂದವಾಗಿ ಕಾಣಲೆಂದು ಬರಹವನ್ನೇ ಚಿತ್ರವಾಗಿ ಅಂಟಿಸುವವರಿದ್ದಾರೆ; ಕಿವಿಯಿಂದ ಓದುವವನಿಗೆ ಅದು ಖಾಲಿ ಹಾಳೆ. ಯೂನಿಕೋಡಿಗೆ ಮೊದಲಿನ ಹಳೆಯ ಫಾಂಟಿನಲ್ಲಿ ಅಚ್ಚುಮಾಡಿದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಕೇಳಿಸುತ್ತದೆ. ಈ ಪುಟ ಕನ್ನಡದ್ದೆಂದು ಒಳಗೆ ಗುರುತು ಹಾಕದಿದ್ದರೆ ಯಂತ್ರ ಬೇರೆ ಭಾಷೆಯ ನಾಲಿಗೆಯಿಂದ ಓದಲು ಹೊರಡಬಹುದು.

ಉಳಿದವು ಸಣ್ಣ ಶಿಸ್ತುಗಳು. ಬಿಳಿಯ ಮೇಲೆ ತೆಳು ಬೂದು ಅಕ್ಷರ ಬೇಡ. ಜಾಗತಿಕ ಮಾರ್ಗಸೂಚಿ ಸಾಮಾನ್ಯ ಅಕ್ಷರಕ್ಕೆ 4.5ಕ್ಕೆ 1ರ ವ್ಯತ್ಯಾಸ ಕೇಳುತ್ತದೆ. ಮೌಸ್ ಹಿಡಿಯಲಾರದ ನಡುಗುವ ಕೈಗೆ ಕೀಲಿಮಣೆಯಿಂದಲೇ ಎಲ್ಲವೂ ನಡೆಯಬೇಕು. ಕಿವಿ ಕೇಳದವರಿಗೆ ಚಲನಚಿತ್ರದ ಕೆಳಗೆ ಮಾತಿನ ಬರಹವಿರಬೇಕು.

ಇದು ದಯೆಯ ಮಾತಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಇದೆ; ಇಂಥ ನಿಯಮಗಳು ಬರಿಯ ಸಲಹೆಯಾಗಿರದೆ ಕಡ್ಡಾಯವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 2024ರ ನವೆಂಬರಿನಲ್ಲಿ ಹೇಳಿತು.

ನಮ್ಮ ಮಕ್ಕಳಲ್ಲಿ ಜಾಲತಾಣ ಕಟ್ಟುವವರು ಅನೇಕರು. ನಿವೃತ್ತ ಅಧ್ಯಾಪಕರಲ್ಲಿ ಒಳ್ಳೆಯ ಕನ್ನಡವಿದೆ. ಇಬ್ಬರೂ ಕೂಡಿ ಕರ್ನಾಟಕದ ಹತ್ತು ಶಿಲ್ಪಗಳಿಗೆ ಕನ್ನಡ ವಿವರಣೆ ಬರೆದು ಸಂಗ್ರಹಾಲಯಕ್ಕೆ ಒಪ್ಪಿಸೋಣ. ಬರೆದದ್ದಕ್ಕೆ ನಾವೇ ತಲೆದೂಗಿದರೆ ಸಾಲದು. ಕಣ್ಣು ಕಾಣದ ಸದಸ್ಯರು ಮೊದಲು ಕೇಳಿ, ಎಲ್ಲಿ ಮುಗ್ಗರಿಸಿದರೆಂದು ಹೇಳಲಿ, ಅಲ್ಲಿ ತಿದ್ದೋಣ. ಬರುವ ರವಿವಾರ ಬೆಳಿಗ್ಗೆ ಸಂಘದ ಗ್ರಂಥಾಲಯದಲ್ಲಿ ಐಹೊಳೆಯ ಬ್ರಹ್ಮನಿಂದಲೇ ಆರಂಭ.