ದೇವತೆಗಳು ತೊರೆದ ಲೋಕದ ಕಥೆಗಳು

ಒಬ್ಬ ಲೇಖಕ ಒಂದು ಕಲ್ಪಿತ ಲೋಕವನ್ನು ಕಟ್ಟುವುದು ಹೊಸ ಸಂಗತಿಯಲ್ಲ. ಆ ಲೋಕದಲ್ಲಿ ಹಲವರು ಬಂದು ಬಿಡಾರ ಹೂಡಿ, ಒಬ್ಬರು ಬಿಟ್ಟ ಎಳೆಯನ್ನು ಇನ್ನೊಬ್ಬರು ಹಿಡಿದು ನೇಯುವುದು ಮಾತ್ರ ಸ್ವಲ್ಪ ವಿರಳ. ಒಂದೇ ಭಾರತದ ಕಥೆಯನ್ನು ಪಂಪನಿಂದಲೂ ರನ್ನನಿಂದಲೂ ಕುಮಾರವ್ಯಾಸನಿಂದಲೂ ಕೇಳಿದ ನಮಗೆ ಇದು ತೀರ ಅಪರಿಚಿತವೆನಿಸಲಾರದು. ಅಮೆರಿಕದ 'ಡ್ರ್ಯಾಗನ್‌ಲ್ಯಾನ್ಸ್' ಕಾದಂಬರಿಗಳು ಇಂಥ ಹಂಚಿಕೊಂಡ ಲೋಕದವು.

ಮಾರ್ಗರೆಟ್ ವೈಸ್ ಮತ್ತು ಟ್ರೇಸಿ ಹಿಕ್‌ಮನ್ ಇಬ್ಬರೂ ಸೇರಿ ಬರೆದ ಮೊದಲ ಕಾದಂಬರಿ 1984ರಲ್ಲಿ ಹೊರಬಂದಿತು. ಆ ಲೋಕದ ಹೆಸರು ಕ್ರಿನ್. ಅದರ ಕಥೆಗಳು ಇಂದು ನೂರಕ್ಕೂ ಮಿಕ್ಕಿವೆ. ಮೊದಲ ಯುಗದ ಪುಸ್ತಕಗಳನ್ನು ಯಾರು ಬೇಕಾದರೂ ತೋರಿಸಿಕೊಟ್ಟಾರು. ಓದುಗರು ದಾರಿ ತಪ್ಪುವುದು 'ಮರ್ತ್ಯರ ಯುಗ'ವೆಂಬ ಕೊನೆಯ ಭಾಗದಲ್ಲಿ. ಅಲ್ಲಿ ಯಾವುದನ್ನು ಓದಬೇಕು, ಯಾವುದನ್ನು ಬಿಡಬಹುದು ಎಂಬುದೇ ಈ ಭಾಷಣದ ವಿಷಯ.

ಬಾಗಿಲು ತೆರೆಯುವುದು 1995ರ 'ಡ್ರ್ಯಾಗನ್ಸ್ ಆಫ್ ಸಮ್ಮರ್ ಫ್ಲೇಮ್'. ಇದೂ ಆ ಇಬ್ಬರದೇ ಕೃತಿ. ಧರ್ಮಪಕ್ಷದ ವೀರನಿಗೂ ಶತ್ರುಪಕ್ಷದ ಸೇನಾನಾಯಕಿಗೂ ಹುಟ್ಟಿದ ಸ್ಟೀಲ್ ಬ್ರೈಟ್‌ಬ್ಲೇಡ್ ಎಂಬ ತರುಣ, ತಂದೆಯ ರಕ್ತಕ್ಕೂ ತಾನು ಕೊಟ್ಟ ಮಾತಿಗೂ ನಡುವೆ ನಲುಗುವ ಭಾಗ ಮನಸ್ಸಿನಲ್ಲಿ ನಿಲ್ಲುತ್ತದೆ. ಕಥೆಯ ಕೊನೆಯಲ್ಲಿ ದೇವತೆಗಳು ಲೋಕವನ್ನು ಬಿಟ್ಟು ಹೋಗುತ್ತಾರೆ; ಹಳೆಯ ಮಂತ್ರವಿದ್ಯೆಯೂ ಅವರೊಡನೆ ಹೋಗುತ್ತದೆ. ಹಳೆಯ ಅಭಿಮಾನಿಗಳಲ್ಲಿ ಅನೇಕರಿಗೆ ಇದು ಹಿಡಿಸಲಿಲ್ಲ. ಆದರೆ ಕಾಯುವವರು ಇಲ್ಲದಾಗ ಮನುಷ್ಯ ಹೇಗೆ ಬಾಳುತ್ತಾನೆ ಎಂಬ ಪ್ರಶ್ನೆ ಏಳುವುದೂ ಇಲ್ಲಿಯೇ.

ಇದರ ಬೆನ್ನಿಗೆ 1996ರಿಂದ 1998ರವರೆಗೆ ಜೀನ್ ರೇಬ್ ಅವರ ಮೂರು ಕಾದಂಬರಿಗಳು ಬಂದವು. ಮಹಾಸರ್ಪಗಳಂಥ ಡ್ರ್ಯಾಗನ್‌ಗಳು ನಾಡನ್ನು ಹಂಚಿಕೊಂಡು ಆಳುವ ಕಥೆ ಅದು. ಅಷ್ಟು ತಿಳಿದಿದ್ದರೆ ಸಾಕು. ಬಿಡುವಿಲ್ಲದವರು ಇವನ್ನು ದಾಟಿ ಹೋಗಬಹುದು.

ಬಿಡಬಾರದ್ದೆಂದರೆ 2000ದಿಂದ 2002ರವರೆಗೆ ವೈಸ್ ಮತ್ತು ಹಿಕ್‌ಮನ್ ಬರೆದ 'ವಾರ್ ಆಫ್ ಸೋಲ್ಸ್' ಎಂಬ ಮೂರು ಸಂಪುಟಗಳು. ಬಿರುಗಾಳಿಯ ರಾತ್ರಿ ಹದಿನೇಳರ ಹುಡುಗಿಯೊಬ್ಬಳು ಸೈನಿಕರ ಪಾಳೆಯಕ್ಕೆ ನಡೆದು ಬರುತ್ತಾಳೆ. ಹೆಸರು ಮೀನಾ. 'ಒಬ್ಬನೇ ದೇವರ' ಹೆಸರಿನಲ್ಲಿ ಅವಳು ಗಾಯ ಮಾಯಿಸುತ್ತಾಳೆ, ಯುದ್ಧ ಗೆಲ್ಲುತ್ತಾಳೆ. ದೇವರಿಗಾಗಿ ಬಾಯಾರಿದ ಜನ ಕೇಳುವುದಕ್ಕೆ ಮೊದಲೇ ನಂಬುತ್ತಾರೆ. ಆ ದೇವರು ಯಾರೆಂದು ಹೇಳಿದರೆ ನಿಮ್ಮ ಸುಖ ಕೆಟ್ಟೀತು. ಇನ್ನೊಂದೆಡೆ, ಹಳೆಯ ಕಥೆಗಳ ವಿದೂಷಕ, ಪರರ ವಸ್ತುಗಳನ್ನು ಅರಿಯದೆಯೇ ಜೋಳಿಗೆಗೆ ಸೇರಿಸಿಕೊಳ್ಳುವ ಟಾಸಲ್‌ಹಾಫ್, ತನ್ನ ಸಾವಿನ ಗಳಿಗೆಯಿಂದ ಜಾರಿಕೊಂಡು ಮುಂದಿನ ಕಾಲಕ್ಕೆ ಬಂದುಬಿಟ್ಟಿದ್ದಾನೆ. ಹಿಂದಿರುಗಿದರೆ ಮರಣ, ಹಿಂದಿರುಗದಿದ್ದರೆ ಲೋಕಕ್ಕೇ ಕೇಡು. ನಗಿಸುವವನ ಹೆಗಲ ಮೇಲೆ ಇಷ್ಟು ದೊಡ್ಡ ಹೊರೆಯನ್ನು ಹೊರಿಸಿದ್ದೇ ಈ ಸಂಪುಟಗಳ ಹೆಚ್ಚಳ.

ಮುಂದೆ ಓದುವ ಆಸೆಯಿದ್ದರೆ, ವೈಸ್ ಒಬ್ಬರೇ ಬರೆದ 2004ರ 'ಆಂಬರ್ ಅಂಡ್ ಆಶಸ್' ಇದೆ. ದೇವತೆಗಳು ಮರಳಿದ್ದಾರೆ. ಆದರೆ ತನ್ನ ಮಠದವರನ್ನೆಲ್ಲ ಕಳೆದುಕೊಂಡ ರೀಸ್ ಎಂಬ ಸನ್ಯಾಸಿ ತನ್ನ ದೇವರ ಮೇಲೆಯೇ ಮುನಿಯುತ್ತಾನೆ. ಅವನ ಜೊತೆಗೆ ಆಟ್ಟಾ ಎಂಬ ನಾಯಿ. ಮನೆಯಲ್ಲಿ ನಾಯಿ ಸಾಕಿದವರಿಗೆ ಅದೊಂದೇ ಸಾಕು. ಯುದ್ಧದ ಕಥೆಯನ್ನೇ ಬಯಸುವವರಿಗೆ ರಿಚರ್ಡ್ ನಾಕ್ ಅವರ 'ಮಿನಟಾರ್ ವಾರ್ಸ್' ಉಂಟು. 2003ರಿಂದ 2005ರವರೆಗೆ ಬಂದ ಈ ಮೂರು ಸಂಪುಟಗಳಲ್ಲಿ ಎತ್ತಿನ ತಲೆಯ ಜನರ ಸಾಮ್ರಾಜ್ಯವೂ, ರಾಜವಂಶದವನೊಬ್ಬ ಗುಲಾಮನಾಗಿ ಮತ್ತೆ ತಲೆಯೆತ್ತುವ ಕಥೆಯೂ ಇವೆ.

ಮೊದಲ ಯುಗದ ಮೂರು 'ಕ್ರಾನಿಕಲ್ಸ್' ಓದಿಕೊಂಡು ಇತ್ತ ಬಂದರೆ ಒಳ್ಳೆಯದು; ಮುಪ್ಪಾದ ವೀರರ ಮುಖ ಗುರುತು ಹತ್ತಬೇಕಷ್ಟೆ. ಆಮೇಲೆ 'ಸಮ್ಮರ್ ಫ್ಲೇಮ್', ಅನಂತರ ಆತ್ಮಗಳ ಯುದ್ಧ. ಈ ಕ್ರಮ ಸಾಕು. ಮೊದಲ ಯುಗದ ಕಥೆ ಹುಡುಗರಿಗೆ ಧೈರ್ಯ ಹೇಳುತ್ತದೆ. ಈ ಯುಗದ ಕಥೆ ದೊಡ್ಡವರನ್ನು ಒಂದು ಮಾತು ಕೇಳುತ್ತದೆ: ನೋಡುವವರು ಯಾರೂ ಇಲ್ಲದಾಗಲೂ ನೀನು ಕೊಟ್ಟ ಮಾತನ್ನು ಉಳಿಸಿಕೊಳ್ಳುವೆಯಾ?